ಪರವಾನಿಗೆಯಿಂದ ಕೊಂಡ ಬಂದೂಕು



ಕಳೆದ ಸಾರಿ ರಾಗಿಯು ತೆನೆ ಕಟ್ಟುತ್ತಿದ್ದ ಕಾಲದಲ್ಲಿ, ಸಾವನದುರ್ಗದ ಬುಡದಲ್ಲಿರುವ ಒಂದು ಚಿಕ್ಕ ಸಭೆಯ ಸಹೋದರನೊಬ್ಬನು ಸಾಯಂಕಾಲದ ಹೊತ್ತು ನನ್ನ ಮನೆಗೆ ಬಂದನು. ಅವನ ಸಂಗಡ ಹತ್ತೊಂಭತ್ತು ವರುಷದ ಮಗನೂ ಇದ್ದನು. ಕೂತು ನೀರು ಕುಡಿದ ತರುವಾಯ ಆ ಹುಡುಗನು ತನ್ನ ಮೊಬೈಲಿನಲ್ಲಿ ಬೆಂಗಳೂರಿನ ಒಬ್ಬ ಬಂದೂಕಿನ ವ್ಯಾಪಾರಿಯ ಪುಟವನ್ನು ತೆರೆದು ನನಗೆ ತೋರಿಸಿದನು. ಒಂಟಿ ನಳಿಗೆಯ ಬಂದೂಕುಗಳು, ಜೋಡಿ ನಳಿಗೆಯವುಗಳು, ಒಂದೊಂದರ ಕೆಳಗೆ ಬೆಲೆ, ಬೆಲೆಯ ಕೆಳಗೆ ಮುಂಗಡವಾಗಿ ಕಾದಿರಿಸುವದಕ್ಕೆ ಒತ್ತತಕ್ಕ ಗುಂಡಿ. ಸೀರೆಯನ್ನೂ ಚಪ್ಪಲಿಯನ್ನೂ ತೋರಿಸುವ ಹಾಗೆಯೇ ಇವುಗಳನ್ನೂ ತೋರಿಸಿದ್ದರು.

"ಉಪದೇಶಿಯವರೇ, ಕಳ್ಳದಾರಿ ನಮಗೆ ಬೇಡ. ಸರ್ಕಾರಕ್ಕೆ ಅರ್ಜಿ ಹಾಕಿ, ಪರವಾನಿಗೆ ತಕ್ಕೊಂಡು, ಪರವಾನಿಗೆ ಇರುವ ಅಂಗಡಿಯಲ್ಲೇ ಕೊಳ್ಳುತ್ತೇವೆ. ಠಾಣೆಯವರು ವಿಚಾರಣೆಗೆ ಬಂದಾಗ ನಿಮ್ಮನ್ನು ಕೇಳಬಹುದು. ನಮ್ಮ ವಿಷಯವಾಗಿ ಎರಡು ಒಳ್ಳೇ ಮಾತು ಹೇಳಬೇಕು" ಎಂದು ತಂದೆಯು ಅಂದನು.

ನಾನು ಕೂಡಲೇ ಆಗಲಿ ಎಂದು ಹೇಳಲಾರದೆ ಹೋದೆನು. ಅದರ ಕಾರಣವನ್ನು ಮುಂದೆ ಹೇಳುವೆನು. ಅವರು ಎದ್ದು ಹೋದ ಮೇಲೆ ರಾತ್ರಿಯೆಲ್ಲಾ ನನ್ನನ್ನು ಕಾಡಿದ ಪ್ರಶ್ನೆ ಇದು: ಕಾಯಿದೆಯ ಪ್ರಕಾರವಾಗಿಯೇ ಒಬ್ಬನು ಬಂದೂಕನ್ನು ಕೊಂಡರೆ, ಅವನ ಮನಸ್ಸಾಕ್ಷಿಯ ಕೆಲಸವು ಅಲ್ಲಿಗೆ ತೀರಿತೋ?

ಅವನ ಅಗತ್ಯವು ಸುಳ್ಳಲ್ಲವೆಂಬದನ್ನು ಮೊದಲು ಒಪ್ಪಿಕೊಳ್ಳಬೇಕು. ಪಟ್ಟಣದಲ್ಲಿ ಬಾಗಿಲು ಹಾಕಿಕೊಂಡು ಮಲಗುವವರು ಬಂದೂಕಿನ ವಿಷಯದಲ್ಲಿ ಬೋಧನೆ ಮಾಡುವದು ಸುಲಭ. ಸಾವನದುರ್ಗದ ಕರಿಗುಡ್ಡ ಬಿಳಿಗುಡ್ಡಗಳ ಸುತ್ತಲಿನ ಕುರುಚಲು ಕಾಡಿನಲ್ಲಿ ಕರಡಿಯೂ ಚಿರತೆಯೂ ಕಾಡುಹಂದಿಯೂ ಇರುವವು. ಬನ್ನೇರುಘಟ್ಟದ ಕಡೆಯಿಂದಲೂ ಕಾವೇರಿಯ ಕಾಡಿನಿಂದಲೂ ಬರುವ ಆನೆಗಳು ಕನಕಪುರ, ಚನ್ನಪಟ್ಟಣ, ಮಾಗಡಿ ಸೀಮೆಗಳ ಹೊಲಗಳನ್ನು ತುಳಿದು ಹೋಗುವವು. 2020ನೆಯ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯು ಮೂರು ವರುಷದ ಮಗುವೊಂದನ್ನೂ, ಸ್ವಲ್ಪ ದಿನಗಳಲ್ಲೇ ಒಬ್ಬ ವೃದ್ಧೆಯನ್ನೂ ಕೊಂದದ್ದು ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿರುವದು. ಆ ಸಹೋದರನಿಗಾದರೋ ಚಿರತೆಗಿಂತ ಹಂದಿಯ ಬಾಧೆ ಹೆಚ್ಚು. ಒಂದೇ ರಾತ್ರಿಯಲ್ಲಿ ಹಿಂಡು ನುಗ್ಗಿ ಅರ್ಧ ಎಕರೆ ರಾಗಿಯನ್ನು ಉತ್ತು ಹಾಕಿದ ಹಾಗೆ ಮಾಡಿ ಹೋಗಿದ್ದನ್ನು ನಾನು ಬೆಳಗ್ಗೆ ಹೋಗಿ ನೋಡಿದ್ದೇನೆ. ಅವನ ಹೆಂಡತಿಯು ಬದುವಿನ ಮೇಲೆ ಕೂತು ಮುರಿದ ತೆನೆಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕುತ್ತಿದ್ದಳು.

ಇಂಥಲ್ಲಿ ಕೆಲವರು ಏನು ಮಾಡುತ್ತಾರೆಂಬದೂ ಗುಪ್ತವಲ್ಲ. ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಡುವರು. ತಂತಿಯ ಉರುಳು ಕಟ್ಟುವರು. ಬೇಲಿಗೆ ಕಳ್ಳತನದಿಂದ ವಿದ್ಯುತ್ತನ್ನು ಹಾಯಿಸುವರು. ಹಂದಿಗೆಂದು ಇಟ್ಟ ಮದ್ದನ್ನು ಹಸು ಕಚ್ಚುವದು. ಹಂದಿಗೆಂದು ಕಟ್ಟಿದ ಉರುಳಿನಲ್ಲಿ ಚಿರತೆ ಸಿಕ್ಕಿಕೊಳ್ಳುವದು. ಹಂದಿಗೆಂದು ಹಾಯಿಸಿದ ವಿದ್ಯುತ್ತಿನಿಂದ ನಸುಕಿನಲ್ಲಿ ನೀರು ಕಟ್ಟಲು ಹೋದ ಮನುಷ್ಯನು ಸಾಯುವನು. ಇವುಗಳೆಲ್ಲವನ್ನೂ ಬಿಟ್ಟು ನೆಟ್ಟಗಿನ ದಾರಿಯನ್ನು ಹುಡುಕಿದವನನ್ನು ನಾನು ಹೇಗೆ ಗದರಿಸಲಿ?

ಆ ನೆಟ್ಟಗಿನ ದಾರಿಯು ಯಾವದೆಂದು ಓದುಗರು ತಿಳಿದಿರುವದು ಒಳ್ಳೇದು. ಯಾಕಂದರೆ ಮೊಬೈಲಿನ ಪುಟವನ್ನು ನೋಡಿ ಮೋಸಹೋಗುವವರೂ ಇದ್ದಾರೆ. ನಮ್ಮ ದೇಶದಲ್ಲಿ 1959ನೆಯ ಆಯುಧ ಕಾಯಿದೆಯೂ 2016ನೆಯ ಆಯುಧ ನಿಯಮಗಳೂ ನಡೆಯುತ್ತಿವೆ. ಮೊದಲು ಪರವಾನಿಗೆ, ಆಮೇಲೆ ಬಂದೂಕು. ಅರ್ಜಿಯನ್ನು ಕೇಂದ್ರ ಗೃಹ ಮಂತ್ರಾಲಯದ ಜಾಲತಾಣದಲ್ಲಿ ತುಂಬಬಹುದು. ಆದರೆ ಅದನ್ನು ತೀರ್ಮಾನಿಸುವವರು, ನಮ್ಮಂಥ ಹಳ್ಳಿಗಳ ಮಟ್ಟಿಗೆ, ಜಿಲ್ಲಾಧಿಕಾರಿಗಳು. ಅರ್ಜಿದಾರನಿಗೆ 21 ವರುಷ ತುಂಬಿರಬೇಕು. ಅವನ ದೇಹವೂ ಮನಸ್ಸೂ ಸ್ವಸ್ಥವಾಗಿವೆಯೆಂದು ವೈದ್ಯನು ಬರೆದುಕೊಡಬೇಕು. ಆಯುಧವನ್ನು ಅಪಾಯವಿಲ್ಲದೆ ಹಿಡಿಯುವ ತರಬೇತಿ ಆಗಿರಬೇಕು; ಮನೆಯಲ್ಲಿ ಭದ್ರವಾಗಿ ಇಡುವೆನೆಂದು ಬರೆದುಕೊಡಬೇಕು. ಪೊಲೀಸರು ಅವನ ನಡತೆಯನ್ನು ವಿಚಾರಿಸಿ ವರದಿ ಕೊಡಬೇಕು. ಬೆಳೆಯನ್ನು ಕಾಯುವದಕ್ಕಾಗಿ ನಿಜವಾಗಿ ಬೇಕೆಂದು ಕೇಳುವವನಿಗೆ, ಬಾಯಿಂದ ಮದ್ದು ತುಂಬುವ ಕೋವಿಯನ್ನು ಕಾಯಿದೆಯು ಮೊದಲು ಹೇಳುವದು. ಅದು ಸಾಲದೆಂದು ಅಧಿಕಾರಿಗೆ ತೋರಿದರೆ ನಯವಾದ ನಳಿಗೆಯ ಬೇರೆ ಬಂದೂಕಿಗೂ ಅಪ್ಪಣೆಯಾಗಬಹುದು. 2019ರ ತಿದ್ದುಪಡಿಯ ಮೇರೆಗೆ ಒಬ್ಬನು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇಡಕೂಡದು. ಪರವಾನಿಗೆಯ ಅವಧಿಯು ಐದು ವರುಷ.

ಇದೆಲ್ಲಾ ಆದ ಮೇಲೆಯೇ ಅಂಗಡಿಯ ಮಾತು. ಪುಟದಲ್ಲಿ ನೋಡಿ ಬೆಲೆ ಕೇಳಬಹುದು, ಬೇಕಾದದ್ದನ್ನು ಕಾದಿರಿಸಬಹುದು. ಆದರೆ ಬಂದೂಕು ಸೀರೆಯ ಹಾಗೆ ಕಾಗದದಲ್ಲಿ ಸುತ್ತಿಕೊಂಡು ಬಾಗಿಲಿಗೆ ಬರುವದಿಲ್ಲ. ಪರವಾನಿಗೆಯುಳ್ಳವನು ಪರವಾನಿಗೆಯುಳ್ಳ ವ್ಯಾಪಾರಿಯ ಎದುರಿಗೆ ನಿಂತು, ಕಾಗದವನ್ನು ತೋರಿಸಿ, ಬಂದೂಕಿನ ಸಂಖ್ಯೆಯನ್ನು ಬರೆಯಿಸಿಕೊಂಡು ತರಬೇಕು. ಮೊಬೈಲಿನ ಗುಂಪುಗಳಲ್ಲಿ "ಪರವಾನಿಗೆ ಬೇಡ, ಮನೆಗೇ ಕಳುಹಿಸುತ್ತೇವೆ" ಎನ್ನುವವನು ನಿಮ್ಮ ಹಣವನ್ನು ನುಂಗುವವನು, ಇಲ್ಲವೆ ನಿಮ್ಮನ್ನು ಸೆರೆಮನೆಗೆ ಕಳುಹಿಸುವವನು. ಇನ್ನೊಂದು ಮಾತು: ಬಂದೂಕಿನ ಪರವಾನಿಗೆಯು ಬೇಟೆಯ ಪರವಾನಿಗೆಯಲ್ಲ. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಪ್ರಾಣವನ್ನು ಉಳಿಸಿಕೊಳ್ಳುವದಕ್ಕಾಗಿ ಸದ್ಭಾವದಿಂದ ಹೊಡೆದದ್ದು ಅಪರಾಧವಲ್ಲ. ಆದರೆ ಬೆಳೆಗಾಗಿ ಕಾಡುಮೃಗವನ್ನು ಕೊಲ್ಲುವದಕ್ಕೆ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆ ಬೇಕು. ಆನೆಯ ಮುಂದಂತೂ ಒಂಟಿ ನಳಿಗೆಯ ಬಂದೂಕನ್ನು ಹಿಡಿದವನು ತನ್ನ ಸಾವನ್ನು ತಾನೇ ಕರೆದವನು.

ಈಗ ಪ್ರಶ್ನೆಗೆ ಬರೋಣ. ಕ್ರೈಸ್ತನು ಆಯುಧವನ್ನು ಮುಟ್ಟಲೇ ಕೂಡದೆಂದು ನಮ್ಮಲ್ಲಿ ಕೆಲವರು ಹೇಳುವರು. ಆ ಮಾತಿನಲ್ಲಿ ಭಕ್ತಿಯುಂಟು, ಆದರೆ ಅದು ಪೂರ್ತಿಯಾದ ಮಾತೆಂದು ನನಗೆ ತೋರುವದಿಲ್ಲ. ದಾವೀದನು ತಂದೆಯ ಮಂದೆಯನ್ನು ಕಾಯುತ್ತಿದ್ದಾಗ ಸಿಂಹವನ್ನೂ ಕರಡಿಯನ್ನೂ ಹೊಡೆದದ್ದನ್ನು ನಾವು ಮಕ್ಕಳಿಗೆ ಸಂತೋಷವಾಗಿ ಹೇಳಿಕೊಡುತ್ತೇವಲ್ಲಾ. ಮೋಶೆಯ ನ್ಯಾಯವಿಧಿಗಳಲ್ಲಿ ಕನ್ನ ಕೊರೆಯುವ ಕಳ್ಳನ ಸಂಗತಿಯನ್ನು ಓದಿದವರು ಒಂದು ಸೂಕ್ಷ್ಮವನ್ನು ಕಂಡಿರಬಹುದು: ರಾತ್ರಿಯಲ್ಲಿ ನುಗ್ಗಿದವನು ಪೆಟ್ಟು ತಿಂದು ಸತ್ತರೆ ಒಂದು ತೀರ್ಪು, ಸೂರ್ಯೋದಯವಾದ ಮೇಲೆ ಸತ್ತರೆ ಬೇರೊಂದು ತೀರ್ಪು. ಆಶ್ಚರ್ಯವೇನಂದರೆ, 2024ರ ಜುಲೈ 1ರಿಂದ ನಡೆಯುತ್ತಿರುವ ನಮ್ಮ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯ ವಿಷಯದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ ಮನೆಯನ್ನು ಒಡೆದು ನುಗ್ಗುವವನ ಮಾತನ್ನು ಪ್ರತ್ಯೇಕವಾಗಿ ಹೇಳುವದು. ಕತ್ತಲೆಯಲ್ಲಿ ಬಂದವನು ಕಳ್ಳನೋ ಕೊಲೆಗಾರನೋ ಮನೆಯವನಿಗೆ ತಿಳಿಯಲಾರದು. ಬೆಳಕಾದ ಮೇಲೆ ತಿಳಿಯಬಹುದು. ಆದಕಾರಣ ಎರಡು ಕಾಯಿದೆಗಳೂ ಭಯವನ್ನು ಕ್ಷಮಿಸುತ್ತವೆ, ಕೋಪವನ್ನು ಕ್ಷಮಿಸುವದಿಲ್ಲ.

ಇನ್ನು ಕೆಲವರು, ಸರ್ಕಾರವು ಒಪ್ಪಿದ ಮೇಲೆ ಕೇಳುವದೇನೂ ಉಳಿಯಲಿಲ್ಲವೆಂದು ಹೇಳುವರು. ಇವರ ತಪ್ಪು ಹೆಚ್ಚು ಅಪಾಯಕರವಾದದ್ದು, ಯಾಕಂದರೆ ಅದು ಮರ್ಯಾದೆಯ ಬಟ್ಟೆಯನ್ನು ಉಟ್ಟುಕೊಂಡಿದೆ. ಕಾಯಿದೆಯು ಕೇಳುವದು, ಇವನು ಇದನ್ನು ಇಡಬಹುದೋ ಎಂಬದನ್ನು ಮಾತ್ರ. ಇಟ್ಟ ಮೇಲೆ ಮುಂದಿನ ಹತ್ತು ವರುಷಗಳ ಪ್ರತಿ ರಾತ್ರಿಯಲ್ಲಿ ಇವನ ಮನಸ್ಸು ಹೇಗಿರುವದೆಂದು ಅದು ಹೇಗೆ ತಿಳಿದೀತು?

ನಮ್ಮ ಹಳ್ಳಿಗಳ ಒಂದು ದುಃಖವನ್ನು ನೆನಪು ಮಾಡುವೆನು. ತೊಗರಿಗೋ ಟೊಮೇಟೋವಿಗೋ ಹೊಡೆಯುವ ಕೀಟನಾಶಕದ ಡಬ್ಬಿಯು ನಮ್ಮ ಮನೆಗಳ ಮೂಲೆಯಲ್ಲಿ ಕೂತಿರುವದು. ಅದನ್ನು ಕೊಂಡದ್ದು ಪರವಾನಿಗೆಯುಳ್ಳ ಅಂಗಡಿಯಲ್ಲಿಯೇ, ರಸೀತಿಯೂ ಇರುವದು. ಕೊಂಡವನ ಮನಸ್ಸಿನಲ್ಲಿ ಹುಳದ ಹೊರತು ಬೇರೇನೂ ಇರಲಿಲ್ಲ. ಆದರೂ ಗಂಡಹೆಂಡರ ಒಂದು ಮಾತಿನ ಜಗಳದ ರಾತ್ರಿಯಲ್ಲಿ, ಪರೀಕ್ಷೆಯ ಫಲ ಬಂದ ಮಧ್ಯಾಹ್ನದಲ್ಲಿ, ಸಾಲದವನು ಬಾಗಿಲಲ್ಲಿ ನಿಂತು ಬೈದುಹೋದ ಗಳಿಗೆಯಲ್ಲಿ, ಆ ಡಬ್ಬಿಯು ಕೈಗೆ ಹತ್ತಿರವಾಗಿತ್ತು. ಅಂಥ ಮನೆಗಳಿಗೆ ನಾನು ಹೋಗಿದ್ದೇನೆ. "ಅದು ಅಲ್ಲಿ ಇರದಿದ್ದರೆ!" ಎಂಬ ಒಂದೇ ಮಾತನ್ನು ತಾಯಂದಿರು ಹೇಳುವರು. ಆ ಗಳಿಗೆಯು ಬಹಳ ಸಾರಿ ದಾಟಿಹೋಗತಕ್ಕ ಗಳಿಗೆಯೇ; ದಾಟುವದಕ್ಕೆ ಸ್ವಲ್ಪ ಹೊತ್ತು ಬೇಕು, ಒಬ್ಬರ ಮಾತು ಬೇಕು. ಡಬ್ಬಿಯನ್ನು ಕುಡಿದವನನ್ನಾದರೂ ಕೆಲವು ಸಾರಿ ಆಸ್ಪತ್ರೆಗೆ ಒಯ್ದು ಉಳಿಸಿದ್ದುಂಟು. ಬಂದೂಕು ಆ ಸ್ವಲ್ಪ ಹೊತ್ತನ್ನೂ ಕೊಡುವದಿಲ್ಲ.

ಮೋಶೆಯ ವಿಧಿಗಳಲ್ಲಿಯೇ ಎತ್ತಿನ ಸಂಗತಿಯೂ ಉಂಟು. ಹಾಯದ ಎತ್ತು ಒಂದು ದಿನ ಅಕಸ್ಮಾತ್ತಾಗಿ ಹಾಯ್ದು ಕೊಂದರೆ ಯಜಮಾನನ ಮೇಲೆ ತಪ್ಪಿಲ್ಲ. ಅದು ಹಾಯುವ ಎತ್ತೆಂದು ಮೊದಲೇ ತಿಳಿಸಿದ್ದರೂ ಅವನು ಅದನ್ನು ಕಟ್ಟದೆ ಬಿಟ್ಟಿದ್ದರೆ ತಪ್ಪು ಅವನದೇ. ಬಂದೂಕು ಹಾಯದ ಎತ್ತೆಂದು ಯಾರೂ ಹೇಳಲಾರರು. ಅದನ್ನು ಮಾಡಿದ್ದೇ ಹಾಯುವದಕ್ಕಾಗಿ. ಹಾಗೆಯೇ ಹೊಸ ಮನೆಯನ್ನು ಕಟ್ಟಿದವನು ಮಾಳಿಗೆಗೆ ಸುತ್ತು ಗೋಡೆಯನ್ನು ಹಾಕಬೇಕೆಂಬ ವಿಧಿಯೂ ಇರುವದು: ಬೀಳುವವನು ತನ್ನ ಅಜಾಗರೂಕತೆಯಿಂದ ಬಿದ್ದರೂ, ಗೋಡೆಯಿಲ್ಲದ ಮಾಳಿಗೆಯ ಯಜಮಾನನು ಲೆಕ್ಕ ಕೊಡಬೇಕು. ಆದದರಿಂದ ಬಂದೂಕನ್ನು ಕೊಳ್ಳುವವನು ಒಂದು ಕಾವಲಿಗಾಗಿ ಇನ್ನೊಂದು ಕಾವಲನ್ನು ಕೊಳ್ಳುತ್ತಾನೆ. ಹಂದಿಯನ್ನು ಕಾಯುವದಕ್ಕೆ ಬಂದೂಕು. ಬಂದೂಕನ್ನು ಕಾಯುವದಕ್ಕೆ ಅವನು. ಹಂದಿಯ ಕಾವಲು ರಾಗಿ ಕೊಯ್ಲಿನ ಸಂಗಡ ಮುಗಿಯುವದು. ಇನ್ನೊಂದು ಕಾವಲು ಅವನು ಸತ್ತ ದಿನವೂ ಮುಗಿಯುವದಿಲ್ಲ. ಯಾಕಂದರೆ ಆಗ ಅವನ ಮಕ್ಕಳು ಅದನ್ನು ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕೆಂದು ಕಾಯಿದೆಯು ಹೇಳುವದು.

ಕೊಡಗಿನವರ ಮಾತನ್ನು ಯಾರಾದರೂ ಎತ್ತಬಹುದು. 1861ರಷ್ಟು ಹಿಂದೆಯೇ ಅವರಿಗೆ ಆಯುಧದ ವಿಷಯದಲ್ಲಿ ವಿನಾಯಿತಿ ದೊರಕಿತು. ಪರವಾನಿಗೆಯಿಲ್ಲದೆ ಕೋವಿ ಇಡುವ ಆ ವಿನಾಯಿತಿಯನ್ನು ಸರ್ಕಾರವು 2019ರಲ್ಲಿ ಹತ್ತು ವರುಷಗಳ ಕಾಲಕ್ಕೆ, 2029ರ ವರೆಗೆ, ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅವರ ಕೈಲ್ ಪೊಳ್ದ್ ಹಬ್ಬದ ಪದ್ಧತಿಯನ್ನು ನಾನು ಯೋಚಿಸಿದ್ದೇನೆ. ಗದ್ದೆಯ ಕೆಲಸದ ಕಾಲದಲ್ಲಿ ಆಯುಧಗಳನ್ನು ಒಳಗೆ ಇಟ್ಟುಬಿಡುವದು. ನಾಟಿ ಮುಗಿದ ಮೇಲೆ ಶುದ್ಧಮಾಡಿ ಹೊರಗೆ ತೆಗೆಯುವದು. ಅವರ ಪೂಜೆಯು ನಮ್ಮದಲ್ಲ. ಆದರೂ ಆಯುಧಕ್ಕೆ ಒಂದು ಕಾಲ, ಒಂದು ಸ್ಥಳ, ಹಿರಿಯರ ಕಣ್ಣು ಎಂಬ ಕಟ್ಟು ಅದರಲ್ಲಿದೆ. ಅಂಥ ಕಟ್ಟು ತಲೆಮಾರುಗಳಿಂದ ಬರುವದು. ಮೊಬೈಲಿನಲ್ಲಿ ಕಾದಿರಿಸಿದ ಬಂದೂಕಿನ ಸಂಗಡ ಬರುವದಿಲ್ಲ.

ಇದಕ್ಕಿಂತ ಹತ್ತಿರವಾಗಿ ನನ್ನ ಎದೆಗೆ ತಾಕಿದ ಸಂಗತಿಯು ದೂರದೇಶದ್ದು. ಅಮೇರಿಕದಲ್ಲಿ ಬಂದೂಕನ್ನು ಜಾಲದ ಅಂಗಡಿಯಿಂದ ಕೊಂಡವನಿಗೂ ಅದು ನೇರವಾಗಿ ಮನೆಗೆ ಬರುವದಿಲ್ಲ. ಅವನ ಊರಿನ ಪರವಾನಿಗೆಯುಳ್ಳ ವ್ಯಾಪಾರಿಗೆ ಬರುವದು. ಆ ವ್ಯಾಪಾರಿಯು ಕೊಳ್ಳುವವನ ಹೆಸರನ್ನು ಸರ್ಕಾರದ ಕಡತಗಳಲ್ಲಿ ವಿಚಾರಿಸಿ ಕೊಡಬೇಕು. 1998ರಿಂದ ನಡೆಯುವ ಈ ವಿಚಾರಣೆಯು ಬಹಳ ಸಾರಿ ಕೆಲವೇ ನಿಮಿಷಗಳಲ್ಲಿ ಮುಗಿಯುವದು. ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ವ್ಯಾಪಾರಿಯು ಬಂದೂಕನ್ನು ಕೊಟ್ಟುಬಿಡಬಹುದೆಂದು ಅಲ್ಲಿಯ ಕೇಂದ್ರ ಕಾಯಿದೆ. 2015ರ ಏಪ್ರಿಲ್ ತಿಂಗಳಲ್ಲಿ ಒಬ್ಬ ಯುವಕನು ಪರವಾನಿಗೆಯುಳ್ಳ ಒಂದು ಅಂಗಡಿಗೆ ತಾನೇ ಹೋಗಿ ಪಿಸ್ತೂಲನ್ನು ಕೇಳಿದನು. ಮೂರು ದಿನಗಳಲ್ಲಿ ಉತ್ತರ ಬರಲಿಲ್ಲ. ಪಿಸ್ತೂಲು ಅವನ ಕೈಗೆ ಹೋಯಿತು. ಜೂನ್ 17ರ ಬುಧವಾರ ರಾತ್ರಿ ಅವನು ಚಾರ್ಲ್ಸ್‌ಟನ್ ಪಟ್ಟಣದ ಇಮ್ಯಾನುವೆಲ್ ಸಭೆಯ ವೇದಪಾಠಕ್ಕೆ ಬಂದನು. ಸಭಿಕರು ಅವನಿಗೆ ಸ್ಥಳ ಕೊಟ್ಟು ಕೂರಿಸಿಕೊಂಡರು. ಸುಮಾರು ಒಂದು ತಾಸು ಅವರ ಸಂಗಡ ಕೂತಿದ್ದು, ಎದ್ದು, ಒಂಭತ್ತು ಮಂದಿಯನ್ನು ಕೊಂದನು. ಅವನ ಕಡತದಲ್ಲಿ ಇದ್ದ ಸಂಗತಿಯು ಸಮಯಕ್ಕೆ ಸಿಕ್ಕಿದ್ದರೆ ಮಾರಾಟವನ್ನು ತಡೆಯಬೇಕಾಗಿತ್ತೆಂದು ಆ ದೇಶದ ತನಿಖಾ ಇಲಾಖೆಯ ಮುಖ್ಯಸ್ಥನೇ ಅದೇ ವರುಷ ಒಪ್ಪಿಕೊಂಡನು.

ಅಂಗಡಿಯವನು ಕಾಯಿದೆಯನ್ನು ಮುರಿಯಲಿಲ್ಲವೆಂಬದನ್ನು ಗಮನಿಸಿರಿ. ತಿಳಿದವರ ಮಾತು ಸಮಯಕ್ಕೆ ಬಾರದೆ ಹೋಯಿತು, ಅಷ್ಟೇ. ನಮ್ಮಲ್ಲಿ ಅರ್ಜಿಯು ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ತೆವಳುವದನ್ನು ನೋಡಿ ನಾವೆಲ್ಲರೂ ಗೊಣಗುತ್ತೇವೆ. ಪಡಿತರ ಚೀಟಿಗೆ ಆ ವಿಳಂಬವು ಪಾಪವೇ. ಬಂದೂಕಿಗೆ ಅದು ಅಷ್ಟು ಕೆಟ್ಟದ್ದೋ ಎಂದು ನನಗೆ ಸಂದೇಹವುಂಟಾಗಿದೆ. ಕೋಪದಲ್ಲಿ ಅರ್ಜಿಯನ್ನು ಹಾಕಿದವನಿಗೆ ಅಪ್ಪಣೆ ಬರುವ ಹೊತ್ತಿಗೆ ಕೋಪವು ಇಳಿದಿರಬಹುದು.

ಈಗ, ನಾನು ಆಗಲಿ ಎಂದು ಹೇಳಲಾರದೆ ಹೋದ ಕಾರಣಕ್ಕೆ ಬರುವೆನು. ಆ ಸಹೋದರನು ಒಳ್ಳೆಯವನು. ಕುಡಿಯುವವನಲ್ಲ, ಸಾಲವನ್ನು ತೀರಿಸುವವನು, ಸಭೆಯ ಕಟ್ಟಡದ ಹೆಂಚನ್ನು ತನ್ನ ಗಾಡಿಯಲ್ಲಿ ಬಿಟ್ಟಿಯಾಗಿ ತಂದವನು. ಆದರೆ ಅವನಿಗೂ ಅವನ ಅಣ್ಣನಿಗೂ ಒಂದು ಬದುವಿನ ವ್ಯಾಜ್ಯವಿದೆ. ಎರಡು ವರುಷಗಳ ಹಿಂದೆ ಬದುವನ್ನು ಒಂದು ಮೊಳ ಒತ್ತಿದರೆಂಬ ಮಾತಿಗೆ ಇವನು ಮಚ್ಚನ್ನು ಎತ್ತಿಕೊಂಡು ಅಣ್ಣನ ಮೇಲೆ ಹೋದನು. ನಾನೂ ಇನ್ನಿಬ್ಬರೂ ನಡುವೆ ಬಿದ್ದು ಹಿಡಿದೆವು. ಊರಿನ ಹಿರಿಯರು ಕೂತು ತೀರಿಸಿದರು. ಠಾಣೆಗೆ ಯಾರೂ ಹೋಗಲಿಲ್ಲ. ಆದದರಿಂದ ಆ ದಿನವು ಯಾವ ಕಡತದಲ್ಲಿಯೂ ಇಲ್ಲ. ನನ್ನ ಬಲಗೈಯ ಹೆಬ್ಬೆರಳಿನ ಕೆಳಗೆ ಒಂದು ಗೀರು ಇದೆ, ಅಷ್ಟೇ.

ಹೀಗಿರಲಾಗಿ, ಪೊಲೀಸಿನವನು ಬಂದು ಕೇಳಿದರೆ ನಾನು ಏನು ಹೇಳತಕ್ಕದ್ದು? ಒಳ್ಳೇದನ್ನು ಮಾತ್ರ ಹೇಳಿದರೆ ಸುಳ್ಳಾಗಲಿಲ್ಲ. ಆದರೆ ಸತ್ಯವೂ ಆಗಲಿಲ್ಲ. ನೆರೆಯವನ ಮರ್ಯಾದೆಯನ್ನು ಮುಚ್ಚುವದು ಪ್ರೀತಿಯ ಕೆಲಸವೆಂದು ನಾನೇ ಎಷ್ಟೋ ಸಾರಿ ಬೋಧಿಸಿದ್ದೇನೆ. ಆದರೆ ಅಣ್ಣನೂ ನನ್ನ ನೆರೆಯವನಲ್ಲವೋ? ಕಾಯಿದೆಯು ಊರಿನವರನ್ನು ಕೇಳುವದು, ಕಡತಕ್ಕೆ ತಿಳಿಯದ್ದು ಊರಿಗೆ ತಿಳಿದಿರುವದೆಂಬ ನಂಬಿಕೆಯಿಂದ. ನಾವು ದಾಕ್ಷಿಣ್ಯಕ್ಕಾಗಿ ಬಾಯಿ ಮುಚ್ಚಿದರೆ ಆ ಪ್ರಶ್ನೆಯೇ ವ್ಯರ್ಥವಾಗುವದು. ಆಮೇಲೆ ಏನಾದರೂ ನಡೆದರೆ, ನಮಗೆ ಮೊದಲೇ ಗೊತ್ತಿತ್ತು ಎಂದು ಬಾವಿಯ ಕಟ್ಟೆಯ ಮೇಲೆ ಕೂತು ಹೇಳುವೆವು.

ನಾಲ್ಕು ದಿನಗಳು ಕಳೆದ ಮೇಲೆ ನಾನು ಅವನ ಹೊಲಕ್ಕೇ ಹೋದೆನು. "ಅಣ್ಣಾ, ನನ್ನನ್ನು ಕೇಳಿದರೆ ನಿಮ್ಮ ಒಳ್ಳೇದನ್ನೆಲ್ಲಾ ಹೇಳುವೆನು, ಮಚ್ಚಿನ ದಿನವನ್ನೂ ಹೇಳುವೆನು. ನಿಮ್ಮ ಹಿಂದೆ ಹೇಳುವದಕ್ಕಿಂತ ನಿಮ್ಮ ಮುಂದೆಯೇ ಹೇಳಿಬಿಡಬೇಕೆಂದು ಬಂದೆನು" ಎಂದು ಹೇಳಿದೆನು. ಇನ್ನೊಂದನ್ನೂ ಕೇಳಿದೆನು: "ಬಂದೂಕು ಬಂದರೆ ಅದರ ಬೀಗದಕೈ ಎಲ್ಲಿರುವದು?" ಎಂದು. ಕಾಯಿದೆಯ ಪ್ರಕಾರ 21 ವರುಷ ತುಂಬದ ಅವನ ಮಗನು ಅದನ್ನು ಇಟ್ಟುಕೊಳ್ಳಲಾರನು. ಆದರೆ ಬೀಗದಕೈ ತೂಗುವ ಮೊಳೆಯು ಯಾವ ಮಗನಿಗೆ ತಿಳಿಯದು?

ಅವನು ನನ್ನನ್ನು ಬಹಳ ಹೊತ್ತು ನೋಡಿದನು. "ಹಂದಿ ನಿಮ್ಮ ರಾಗಿಯನ್ನು ತಿನ್ನುವದಿಲ್ಲ, ಉಪದೇಶಿಯವರೇ" ಎಂದು ಮಾತ್ರ ಹೇಳಿ ಗುದ್ದಲಿಯನ್ನು ಎತ್ತಿಕೊಂಡು ಹೋದನು. ಮೂರು ಭಾನುವಾರಗಳು ಅವನು ಆರಾಧನೆಗೆ ಬರಲಿಲ್ಲ.

ಅವನ ಮಾತು ಸರಿಯಾಗಿತ್ತು. ನನಗೆ ಸಂಬಳವು ಬರುವದು. ನನ್ನ ತೆನೆಯನ್ನು ಯಾರೂ ತುಳಿಯುವದಿಲ್ಲ. ಅವನ ಬಂದೂಕಿಗೆ ಅಡ್ಡಬಂದವನು ಅವನ ಹೊಲಕ್ಕೆ ಏನು ಕೊಟ್ಟೆನು? ಅರಣ್ಯ ಇಲಾಖೆಗೆ ಬೆಳೆನಷ್ಟದ ಪರಿಹಾರದ ಅರ್ಜಿಯನ್ನು ನಾನೇ ಬರೆದು, ಫೋಟೋಗಳನ್ನು ಸೇರಿಸಿ, ಅವನ ಮಗನ ಕೈಯಲ್ಲಿ ಕೊಟ್ಟೆನು. ಅದು ದೊಡ್ಡ ಕೆಲಸವೇನೂ ಅಲ್ಲ. ಆಮೇಲೆ ಸಭೆಯ ಯೌವನಸ್ಥರಲ್ಲಿ ಇಬ್ಬರನ್ನು ಕರೆದುಕೊಂಡು, ಒಬ್ಬೊಬ್ಬರು ಎರಡೆರಡು ರಾತ್ರಿಯಂತೆ ಅವನ ಅಟ್ಟಣೆಯಲ್ಲಿ ಕಾವಲು ಕೂರುವೆವೆಂದು ಹೇಳಿಕಳುಹಿಸಿದೆನು. ಅವನು ಬೇಡವೆನ್ನಲಿಲ್ಲ, ಬನ್ನಿರೆಂದೂ ಹೇಳಲಿಲ್ಲ. ನಾವು ಹೋದೆವು.

ಅಟ್ಟಣೆಯ ಮೇಲಿನಿಂದ ರಾತ್ರಿಯಲ್ಲಿ ಸಾವನದುರ್ಗವು ಕಪ್ಪಾಗಿ ಕಾಣುವದು. ಅದನ್ನು ಸಾವಿನ ದುರ್ಗವೆಂದೇ ಕರೆಯುವವರಿದ್ದರು. ಆ ಕಲ್ಲಿನ ಮೇಲಿನ ಕೋಟೆಯನ್ನು ಯಾರೂ ಹಿಡಿಯಲಾರರೆಂದು ನಂಬಿದವರೂ ಇದ್ದರು. 1791ನೆಯ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಎರಡು ವಾರದೊಳಗೆ ಅದನ್ನು ಹಿಡಿಯಿತು. ಚಳಿಯಲ್ಲಿ ಕಂಬಳಿ ಹೊದ್ದು ಕೂತವನಿಗೆ ಇಂಥ ಯೋಚನೆಗಳು ಬರುವವು.

ನನ್ನ ಎರಡನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿಂಡು ಬಂತು. ಟಾರ್ಚು ಹಾಕಿ ತಗಡನ್ನು ಬಡಿದು ಕೂಗಿದೆನು. ಕೆಳಗೆ ಮನೆಯಿಂದ ಅವನೂ ಕೂಗುತ್ತಾ ಓಡಿಬಂದನು. ಬದುವಿನ ಆಚೆಯಿಂದ ಅಣ್ಣನ ಮನೆಯವರೂ ತಗಡು ಬಡಿಯುವ ಸದ್ದು ಕೇಳಿಸಿತು; ಅವರ ಹೊಲವೂ ಅದೇ ಹಾದಿಯಲ್ಲಿದೆ. ಹಂದಿಗಳು ಕಾಡಿನ ಕಡೆಗೆ ತಿರುಗಿದವು. ಬೆಳಕಾದ ಮೇಲೆ ನೋಡಿದರೆ ಮೂಲೆಯ ಎರಡು ಪಟ್ಟೆ ರಾಗಿ ಹೋಗಿತ್ತು, ಉಳಿದದ್ದು ನಿಂತಿತ್ತು. ಅವನ ಹೆಂಡತಿಯು ಕಾಫಿಯನ್ನು ತಂದುಕೊಟ್ಟಳು. ಅರ್ಜಿಯನ್ನು ಹಾಕಿದನೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. "ಬರುವ ಮಂಗಳವಾರ ಯಾರ ಸರದಿ?" ಎಂದು ಕೇಳಿದನು.